ಟಗರು ಗೆದ್ದ ಗಾಸ್ಪಾರ್

ಎಲ್ಲಕ್ಕೂ ಕಾರಣ ಒಂದು ಹಿಡಿ ಕಡಲಪಾಚಿ. ಲಾನ್ವರೆಕ್ ಬಂದರಿನ ಕಲ್ಲಿನ ಇಳಿಜಾರಿನಲ್ಲಿ, ಇಳಿತದ ನೀರು ಬಿಟ್ಟುಹೋದ ಜಾಗದಲ್ಲಿ ಅದು ತನ್ನ ಪಾಡಿಗೆ ತಾನು ಬಿದ್ದುಕೊಂಡಿತ್ತು. ಆ ಭಾನುವಾರ ಬೆಳಿಗ್ಗೆ ಗಾಸ್ಪಾರ್ ವಿದಾಲೆಂಕ್ ಅದರ ಮೇಲೆ ಎಡಗಾಲಿಟ್ಟ.

ಗಾಸ್ಪಾರ್ ಕಡಲಿನ ಕಡೆಯವನಲ್ಲ. ದೂರದ ಬೆಟ್ಟದ ಸೀಮೆಯ ಒರಿಯಾಕ್ ಪಟ್ಟಣದಲ್ಲಿ ಅವನದೊಂದು ಕೊಡೆ ಅಂಗಡಿ. ಗಿರಾಕಿಗಳೆಲ್ಲ “ಬ್ರಿಟನಿ ಕರಾವಳಿಗೆ ಹೋಗ್ತಿದೀವಿ, ಅಲ್ಲಿ ಮಳೆ ಜಾಸ್ತಿ, ಗಟ್ಟಿಯಾದ್ದೊಂದು ಕೊಡಿ” ಎನ್ನುತ್ತಿದ್ದುದರಿಂದ, ಜನ್ಮದಲ್ಲೊಮ್ಮೆ ಆ ಮಳೆಯನ್ನು ಕಣ್ಣಾರೆ ನೋಡಬೇಕೆಂದು ಆಗಸ್ಟ್ ರಜೆಗೆ ಹೆಂಡತಿ ಸಿಲ್ವೆತ್‌ಳನ್ನು ಕರೆದುಕೊಂಡು ಬಂದಿದ್ದ. ಬಂದಂದಿನಿಂದ ಒಂದು ಹನಿ ಉದುರಿರಲಿಲ್ಲ. ಬಿಸಿಲಿಗೆ ಅವನ ಮೂಗು ಬೆಂದ ಏಡಿಯ ಬಣ್ಣಕ್ಕೆ ತಿರುಗಿತ್ತು. ಮರುದಿನ ಬೆಳಿಗ್ಗೆ ಊರಿಗೆ ಹೊರಡುವುದಿತ್ತು. ಕೊನೆಯ ದಿನದ ಊಟಕ್ಕೆ ಎರಡು ಒಳ್ಳೆಯ ಏಡಿ ತರಲು ಸಿಲ್ವೆತ್ ಅವನನ್ನು ಬಂದರಿಗೆ ಅಟ್ಟಿದ್ದಳು.

ಏಡಿ ಹಿಡಿಯುವ ಗುಲ್ವೆನ್ ಆಗತಾನೇ ದೋಣಿ ಕಟ್ಟಿ, ಬುಟ್ಟಿ ಹೊತ್ತು ಇಳಿಜಾರು ಹತ್ತಿ ಬರುತ್ತಿದ್ದ. ಹಳೇ ಕಾಲದ ಬೀರುವಿಗೆ ಕೈಕಾಲು ಬಂದಂಥ ಆಳು. ಹೋದ ವರ್ಷ ಊರ ಕುಸ್ತಿ ಗೆದ್ದವನು ಅವನೇ. ಗಾಸ್ಪಾರ್ “ಬೋಂಜೂರ್” ಹೇಳಲು ಬಾಯಿ ತೆರೆದ, ಕಾಲು ಜಾರಿತು.

ಬೀಳುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಗಾಸ್ಪಾರನ ಒಂದು ಕೈಗೆ ಗುಲ್ವೆನ್‌ನ ಅಂಗಿಯ ಕೊರಳಪಟ್ಟಿ ಸಿಕ್ಕಿತು, ಇನ್ನೊಂದಕ್ಕೆ ಸೊಂಟದ ಬೆಲ್ಟು. ಜಾರಿದ ಕಾಲು ಗುಲ್ವೆನ್‌ನ ಕಾಲುಗಳ ನಡುವೆ ಹೋಗಿ ಗಾಳದಂತೆ ಸಿಕ್ಕಿಕೊಂಡಿತು. ಇಬ್ಬರೂ ಗಾಳಿಗೆ ತಿರುಗಿಕೊಂಡ ಕೊಡೆಯ ಹಾಗೆ ಒಂದು ಸುತ್ತು ಸುತ್ತಿದರು. ಕಣ್ಣುಬಿಟ್ಟಾಗ ಗುಲ್ವೆನ್ ಅಂಗಾತ ಕೆಳಗಿದ್ದ, ಗಾಸ್ಪಾರ್ ಅವನ ಎದೆಯ ಮೇಲಿದ್ದ. ಏಡಿಗಳು ನಾಲ್ಕು ದಿಕ್ಕಿಗೂ ಓಡುತ್ತಿದ್ದವು.

ಆ ಸೀಮೆಯ ಕುಸ್ತಿಯಲ್ಲಿ ಎದುರಾಳಿಯ ಎರಡು ಹೆಗಲೂ ಒಟ್ಟಿಗೆ ನೆಲ ಮುಟ್ಟಿದರೆ ಆಟ ಮುಗಿಯಿತು. ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದ ಮುದುಕರು ಬಾಯಿಂದ ಪೈಪು ತೆಗೆದರು.

“ಕ್ಷಮಿಸಿ ಮೊಸ್ಯೂ ಗುಲ್ವೆನ್,” ಎಂದ ಗಾಸ್ಪಾರ್ ಏಳಲು ಒದ್ದಾಡುತ್ತ. “ನಾನೇನೂ ಮಾಡ್ಲಿಲ್ಲ. ತಾನಾಗೇ ಆಗೋಯ್ತು.”

ಗುಲ್ವೆನ್ ಸ್ವಲ್ಪ ಹೊತ್ತು ಆಕಾಶ ನೋಡುತ್ತ ಮಲಗಿದ್ದ. ಆಮೇಲೆ ಓರೆಗಣ್ಣಿನಲ್ಲಿ ಮುದುಕರ ಕಡೆ ನೋಡಿದ. ಕೊಡೆ ಮಾರುವವನು ಜಾರಿ ಬಿದ್ದ, ಅವನ ಜೊತೆ ತಾನೂ ಬಿದ್ದೆ ಎಂದು ಒಪ್ಪಿಕೊಂಡರೆ ಮುಂದಿನ ಬೇಸಿಗೆಯವರೆಗೂ ಬಂದರಿನ ಬಾರಿನಲ್ಲಿ ಅದೇ ಮಾತಾಗುತ್ತದೆ.

“ತಾನಾಗೇ ಆಯ್ತಂತೆ,” ಎಂದು ಮುದುಕರಿಗೆ ಕೇಳುವಂತೆ ಹೇಳಿದ. “ಮೀಸೆ ಬಂದಾಗಿಂದ ಕುಸ್ತಿ ಆಡ್ತಿದೀನಿ, ಇಂಥ ಪಟ್ಟು ನೋಡಿಲ್ಲ. ಎಲ್ಲಿ ಕಲಿತ್ರಿ?”

“ಏನನ್ನ?”

“ನೋಡಿದ್ರಾ,” ಎಂದ ಗುಲ್ವೆನ್ ಕಟ್ಟೆಯ ಕಡೆ ತಿರುಗಿ. “ಕೇಳಿದ್ರೂ ಹೇಳಲ್ಲ.”

ಗಾಸ್ಪಾರ್ ರಜೆಗೆ ಹಿಡಿದಿದ್ದ ಬಾಡಿಗೆ ಮನೆಗೆ ಬಂದಾಗ ಕೈಯಲ್ಲಿ ಏಡಿ ಇರಲಿಲ್ಲ. ಒಂದು ಮಾತ್ರ ಪ್ಯಾಂಟಿನ ಹಿಂಭಾಗಕ್ಕೆ ಕಚ್ಚಿಕೊಂಡು ತಾನಾಗಿಯೇ ಬಂದಿತ್ತು.

“ಎರಡು ಏಡಿ ತಾ ಅಂದೆ. ಒಂದನ್ನ ತಂದಿದೀಯ, ಅದೂ ಅಲ್ಲಿ,” ಎಂದಳು ಸಿಲ್ವೆತ್. ಅವಳಿಗೆ ಗಂಡನ ವಿಷಯದಲ್ಲಿ ಹೆಚ್ಚಿನ ಭ್ರಮೆಗಳಿರಲಿಲ್ಲ. ಜಾಮ್ ಬಾಟಲಿಯ ಮುಚ್ಚಳವನ್ನು ಮನೆಯಲ್ಲಿ ಅವಳೇ ತೆಗೆಯುತ್ತಿದ್ದಳು. ಕಪಾಟು ಸರಿಸಬೇಕಾದರೆ ತನ್ನ ಅಣ್ಣನಿಗೆ ಫೋನು ಮಾಡುತ್ತಿದ್ದಳು, ಗಾಸ್ಪಾರ್ ದೀಪ ಹಿಡಿದು ನಿಲ್ಲುತ್ತಿದ್ದ.

ಏಡಿಯನ್ನು ಬಿಡಿಸುತ್ತಿರುವಾಗಲೇ ಬಾಗಿಲು ತೆರೆಯಿತು. ಮನೆಯ ಒಡತಿ ಸ್ವಾಜಿಗ್ ಮುದುಕಿ ಪಕ್ಕದ ಮನೆಯಲ್ಲೇ ಇದ್ದಳು. ಬಾಡಿಗೆಗೆ ಕೊಟ್ಟದ್ದು ಗೋಡೆ ಮತ್ತು ಚಾವಣಿ ಮಾತ್ರ, ಬಾಗಿಲಲ್ಲ ಎಂಬುದು ಅವಳ ಲೆಕ್ಕ. ಅವಳ ಕೈಯ ತಟ್ಟೆಯಲ್ಲಿ ಕಪ್ಪುಗೋಧಿಯ ಗಲೆಟ್‌ಗಳು ದೋಸೆಯಂತೆ ಮಡಚಿ ಕೂತಿದ್ದವು. ಒಳಗಿಂದ ಮೊಟ್ಟೆ ಇಣುಕುತ್ತಿತ್ತು, ಅಂಚಿನಿಂದ ಬೆಣ್ಣೆ ತೊಟ್ಟಿಕ್ಕುತ್ತಿತ್ತು.

“ಕೂತ್ಕೊಳ್ಳಿ ಮೊಸ್ಯೂ ವಿದಾಲೆಂಕ್. ಸುಮ್ನೆ ನಿಂತು ಶಕ್ತಿ ಖರ್ಚು ಮಾಡ್ಬೇಡಿ.”

“ಯಾಕೆ ಮದಾಮ್?”

“ಗುಲ್ವೆನ್‌ನನ್ನ ತಲೆ ಮೇಲೆತ್ತಿ ಎಸೆದ್ರಂತಲ್ಲ. ಬೇಕರೀಲಿ ಎಲ್ಲಾ ಅದೇ ಮಾತು.”

“ಎಸೆದೆನೆ? ಪಾಚಿ ಮೇಲೆ ಕಾಲು ಜಾರ್ತು ಮದಾಮ್, ಅಷ್ಟೆ.”

“ಹೌದೌದು,” ಎಂದಳು ಸ್ವಾಜಿಗ್, ಸಿಲ್ವೆತ್‌ಗೆ ಕಣ್ಣು ಹೊಡೆದು. “ನಮ್ಮ ಯಜಮಾನ್ರೂ ಹೀಗೇ, ಬಲ ಇದ್ದೋರು ಬಾಯಿ ಬಿಡ್ತಿರಲಿಲ್ಲ. ತಿನ್ನಿ.”

ಅವಳು ಹೋಗುವ ಮೊದಲೇ ಬೇಕರಿಯ ಮಾಯಿ ಬಂದಳು, ಸಕ್ಕರೆ ಪಾಕ ಇಳಿಯುತ್ತಿದ್ದ ಬೆಣ್ಣೆ ಕೇಕಿನೊಂದಿಗೆ. ಕೇಕು ಮೇಜಿನ ಮೇಲಿಟ್ಟು, ಕೇಳದೆಯೇ ಗಾಸ್ಪಾರನ ರಟ್ಟೆ ಹಿಚುಕಿ ನೋಡಿದಳು. ಅಲ್ಲಿ ಹಿಚುಕುವುದಕ್ಕೆ ಹೆಚ್ಚೇನೂ ಸಿಗಲಿಲ್ಲ.

“ಎಲ್ಲಿ ಅಡಗಿಸಿಟ್ಟಿದಾರೋ ನೋಡಿ,” ಎಂದಳು ಮೆಚ್ಚಿಗೆಯಿಂದ. “ಮಧ್ಯಾಹ್ನ ಬರ್ತೀರಿ ತಾನೆ?”

“ಎಲ್ಲಿಗೆ?”

“ಕುಸ್ತಿಗೆ. ಚರ್ಚಿನ ಹಿಂದಿನ ಬಯಲಲ್ಲಿ. ಇವತ್ತಲ್ವ ಟಗರಿನ ಕುಸ್ತಿ.”

“ನಾನು ಒರಿಯಾಕ್‌ನಲ್ಲಿ ಕೊಡೆ ಮಾರ್ತೀನಿ ಮದಾಮ್.”

“ಹಾಗೇ ಹೇಳ್ಕೊಳ್ಳಿ. ನಾವು ಯಾರಿಗೂ ಬಾಯಿ ಬಿಡಲ್ಲ.”

ಬಾಯಿ ಬಿಡದಿರುವ ಕೆಲಸ ಅಂದು ಲಾನ್ವರೆಕ್‌ನಲ್ಲಿ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಹನ್ನೊಂದರ ಹೊತ್ತಿಗೆ ಗಾಸ್ಪಾರ್ ಬೆಟ್ಟದ ಸೀಮೆಯ ಗುಟ್ಟಿನ ಗರಡಿಯೊಂದರ ಉಸ್ತಾದನಾಗಿದ್ದ. ಹನ್ನೆರಡಕ್ಕೆ, ಒಬ್ಬ ಎದುರಾಳಿಯ ಬೆನ್ನುಮೂಳೆ ಮುರಿದು ಪಶ್ಚಾತ್ತಾಪದಿಂದ ಕುಸ್ತಿ ಬಿಟ್ಟು ಕೊಡೆ ಹಿಡಿದವನಾಗಿದ್ದ. ಅವನು ಅಲ್ಲಗಳೆದಷ್ಟೂ ಕತೆ ಹಿಟ್ಟಿನಂತೆ ಉಬ್ಬುತ್ತಿತ್ತು.

“ಇವತ್ತೇ ಹೊರಟುಬಿಡೋಣ,” ಎಂದ ಅವನು ಸಿಲ್ವೆತ್‌ಗೆ. ಕಿಟಕಿಯಿಂದ ನೋಡಿದರೆ ಅವರ ಪುಟ್ಟ ಕಾರಿನ ಹಿಂದೆ ಒಂದು ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಯಾರದೆಂದು ಕೇಳಿದರೆ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಟ್ರ್ಯಾಕ್ಟರಿನ ಮೇಲೆಯೇ ಕೂತು ಸೇಬು ತಿನ್ನುತ್ತಿದ್ದವನಿಗೂ ಗೊತ್ತಿರಲಿಲ್ಲ.

ಗಾಸ್ಪಾರ್ ತಿರುಗಿದಾಗ ಸಿಲ್ವೆತ್ ಅವನನ್ನೇ ನೋಡುತ್ತಿದ್ದಳು. ಸ್ವಲ್ಪ ಮುಂಚೆ ಬ್ರೆಡ್ ತರಲು ಹೋದಾಗ ಬೇಕರಿಯ ಸಾಲಿನಲ್ಲಿ ಹೆಂಗಸರೆಲ್ಲ ಪಕ್ಕಕ್ಕೆ ಸರಿದು ಅವಳನ್ನು ಮುಂದೆ ಬಿಟ್ಟಿದ್ದರು. ಒಬ್ಬಳಂತೂ, “ಅಂಥೋರ ಜೊತೆ ಬಾಳ್ವೆ ಹೇಗೆ ಮದಾಮ್, ಭಯ ಆಗಲ್ವ?” ಎಂದು ಪಿಸುಗುಟ್ಟಿದ್ದಳು. ಸಿಲ್ವೆತ್ “ಅಭ್ಯಾಸ ಆಗಿದೆ” ಎಂದುಬಿಟ್ಟಿದ್ದಳು. ಯಾಕೆ ಹಾಗೆ ಅಂದೆನೋ ಅವಳಿಗೇ ತಿಳಿಯದು.

“ಗಾಸ್ಪಾರ್,” ಎಂದಳು ತಗ್ಗಿದ ದನಿಯಲ್ಲಿ, “ನಿಜ ಹೇಳು. ಆ ರಾಕ್ಷಸನನ್ನ ನೀನೇ ಬೀಳಿಸಿದ್ಯಾ?”

ಪಾಚಿ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಕಣ್ಣಿನಲ್ಲಿ ಏನೋ ಇತ್ತು. ಮದುವೆಯ ದಿನ ಕುಣಿತದಲ್ಲಿ ಅವಳ ಕಾಲು ತುಳಿಯುವ ಮೊದಲು, ಒಂದೆರಡು ನಿಮಿಷ, ಅದೇ ನೋಟವನ್ನು ಅವನು ಕಂಡಿದ್ದ. ಆಮೇಲೆ ಕಂಡಿರಲಿಲ್ಲ.

“ಬಿದ್ದದ್ದಂತೂ ಅವನೇ,” ಎಂದ ಗಾಸ್ಪಾರ್.

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೇಳಿದ ಮೇಲೆ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ.

ಮಧ್ಯಾಹ್ನ ಗುಲ್ವೆನ್ ತಾನೇ ಬಂದ. ಕೈಯಲ್ಲಿ ಇಸ್ತ್ರಿ ಮಾಡಿದ ಬಿಳೀ ಕುಸ್ತಿ ಅಂಗಿ ಮತ್ತು ಕರಿ ಚಡ್ಡಿ.

“ನಂದೇ. ಹಾಕ್ಕೊಳ್ಳಿ.”

“ನಾನು ಕುಸ್ತಿ ಆಡಲ್ಲ ಮೊಸ್ಯೂ ಗುಲ್ವೆನ್. ಬೇಕಾದ್ರೆ ಬರೆದುಕೊಡ್ತೀನಿ.”

“ಆಡಿ ಅಂತ ಯಾರಂದ್ರು? ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಅಷ್ಟೆ. ಅತಿಥಿ ಅಂದ್ಮೇಲೆ ಮರ್ಯಾದೆಗೆ ಅಂಗಿ ಹಾಕ್ಕೋಬೇಕು, ಒಂದು ಫೋಟೋ ತೆಗೀತೀವಿ.”

ಫೋಟೋಕ್ಕೆ ಅಂದರೆ ಫೋಟೋಕ್ಕೆ. ಅಂಗಿ ಅವನ ಮೊಣಕಾಲಿಗೆ ಬಂತು. ಚಡ್ಡಿಯನ್ನು ಸ್ವಾಜಿಗ್ ತನ್ನ ಅಡುಗೆಮನೆಯ ಪರದೆಯ ಹಗ್ಗದಿಂದ ಬಿಗಿದು ಕಟ್ಟಿದಳು. ಬರಿಗಾಲಲ್ಲಿ ಬೀದಿಗಿಳಿದ ಗಾಸ್ಪಾರ್ ದೀಕ್ಷೆಗೆ ಹೊರಟ ಹೊಸ ಪಾದ್ರಿಯಂತೆ ಕಾಣುತ್ತಿದ್ದ. ಜನ ಎರಡೂ ಬದಿಗೆ ಸರಿದು ದಾರಿ ಬಿಟ್ಟರು.

ಬಯಲಿನಲ್ಲಿ ಮರದ ಹೊಟ್ಟು ಹರಡಿ ದುಂಡನೆಯ ಅಖಾಡ ಮಾಡಿದ್ದರು. ಸುತ್ತ ನಾಲ್ಕೂರ ಪೈಲ್ವಾನರು, ಅವರ ತಾಯಂದಿರು, ಸೇಬಿನ ಮದ್ಯ ಸೈಡರಿನ ಪೀಪಾಯಿ, ಬಿಸಿಲು. ಗಾಸ್ಪಾರನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಅವನ ಒಂದು ಪಕ್ಕ ಹುಲ್ಲಿನ ಟೋಪಿ ಹಾಕಿದ ಸಿಲ್ವೆತ್, ಇನ್ನೊಂದು ಪಕ್ಕ ಕಂಕುಳಲ್ಲಿ ಗಾಳಿಯ ಚೀಲ ಒತ್ತಿ ಚೀಲವಾದ್ಯ ಊದುವವನು.

ಚಿಕ್ಕವರ ಜೋಡಿಗಳು ಮುಗಿದವು. ಮೇಯರ್ ತುಗ್ದುವಾಲ್ ಅಖಾಡದ ನಡುವೆ ನಿಂತು ಧ್ವನಿವರ್ಧಕದಲ್ಲಿ ದೊಡ್ಡ ಕುಸ್ತಿಯ ಕ್ರಮ ಹೇಳತೊಡಗಿದ. ಕ್ರಮ ಹಳೆಯದು, ಸುಲಭದ್ದು. ಬಹುಮಾನದ ಟಗರನ್ನು ಹೆಗಲಿಗೇರಿಸಿಕೊಂಡು ಅಖಾಡಕ್ಕೆ ಒಂದು ಸುತ್ತು ಬಂದವನು ಎಲ್ಲರಿಗೂ ಸವಾಲು ಹಾಕಿದ ಹಾಗೆ. ಎದುರಿಸುವವನು ಬಂದು ಅವನ ಹೆಗಲು ಮುಟ್ಟಿ “ನಿಲ್ಲು” ಅನ್ನಬೇಕು, ಆಮೇಲೆ ಹಿಡಿಯಬೇಕು. ಸುತ್ತು ಮುಗಿಯುವವರೆಗೆ ಯಾರೂ ಮುಟ್ಟದಿದ್ದರೆ ಟಗರು ಅವನದು, ಅವನೇ ಆ ವರ್ಷದ ವೀರ.

ಗಾಸ್ಪಾರನಿಗೆ ಇದರಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ. ಚೀಲವಾದ್ಯದವನು ಸರಿಯಾಗಿ ಆಗಲೇ ಅವನ ಕಿವಿಯ ಪಕ್ಕ ಶ್ರುತಿ ಹೊಂದಿಸಿಕೊಳ್ಳುತ್ತಿದ್ದ.

ಟಗರನ್ನು ತಂದರು. ಕಪ್ಪಗೆ, ಕುಳ್ಳಗೆ, ಸುರುಳಿ ಕೊಂಬಿನದು. ನೋಡಲು ಟ್ರಂಕಿನಷ್ಟೇ ಎತ್ತರ. ಅದರ ಹಳದಿ ಕಣ್ಣು ಮಾತ್ರ ತೆರಿಗೆ ಅಧಿಕಾರಿಯ ಕಣ್ಣಿನಂತಿತ್ತು. ಅದು ಸುತ್ತ ಒಮ್ಮೆ ನೋಡಿತು. ಹಗ್ಗ ಹಿಡಿದವನ ಕೈಯಿಂದ ಬಿಡಿಸಿಕೊಂಡು ನೆಟ್ಟಗೆ ಸಿಲ್ವೆತ್‌ಳ ಬಳಿಗೆ ಓಡಿ ಬಂದು, ಬೆಂಚಿಗೆ ಮುಂಗಾಲಿಟ್ಟು, ಅವಳ ತಲೆಯ ಮೇಲಿದ್ದ ಟೋಪಿಯನ್ನು ತಿನ್ನತೊಡಗಿತು.

“ಗಾಸ್ಪಾರ್,” ಎಂದಳು ಸಿಲ್ವೆತ್. ದನಿ ಎತ್ತಲಿಲ್ಲ. ಅವನು ಏನಾದರೂ ಮಾಡಿಯೇ ಮಾಡುತ್ತಾನೆಂಬ ನಂಬಿಕೆ ಆ ದನಿಯಲ್ಲಿತ್ತು.

ಬೆಟ್ಟದ ಸೀಮೆಯಲ್ಲಿ ಕುರುಬರು ಕುರಿಯನ್ನು ಹೇಗೆ ಎತ್ತುತ್ತಾರೆಂದು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದವನು ಗಾಸ್ಪಾರ್. ಹಿಂದಿನಿಂದ ಹೋಗಿ ನಾಲ್ಕೂ ಕಾಲನ್ನು ಒಟ್ಟಿಗೆ ಹಿಡಿದ, ಕಣ್ಣು ಮುಚ್ಚಿದ, ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಯಾಕೋ ಟಗರು ಸುಮ್ಮನಾಯಿತು. ಬಾಯಲ್ಲಿ ಟೋಪಿಯ ಅಂಚು ಇದ್ದುದರಿಂದ ಇರಬಹುದು.

ಚೀಲವಾದ್ಯ ನರಳಿ ನಿಂತಿತು.

ಗಾಸ್ಪಾರನಿಗೆ ಬೇಕಾಗಿದ್ದುದು ಇದನ್ನು ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳುವುದು. ಎದುರಿಗಿದ್ದ ಪೈಲ್ವಾನನ ಬಳಿ ಹೋಗಿ, “ತಗೊಳ್ಳಿ,” ಎಂದ.

ಪೈಲ್ವಾನ ಎರಡು ಹೆಜ್ಜೆ ಹಿಂದೆ ಸರಿದ.

ಪಕ್ಕದವನ ಬಳಿ ಹೋದ. “ನೀವಾದ್ರೂ ತಗೊಳ್ಳಿ.” ಅವನು ಬಗ್ಗಿ ಚಡ್ಡಿಯ ದಾರ ಕಟ್ಟತೊಡಗಿದ. ಮೂರನೆಯವನು ಆಕಾಶದಲ್ಲಿ ಹಾರುತ್ತಿದ್ದ ಕಡಲಕ್ಕಿಯನ್ನು ಗಮನವಿಟ್ಟು ನೋಡಿದ. ನಾಲ್ಕನೆಯವನು ಅಮ್ಮ ಕರೆಯುತ್ತಿದ್ದಾಳೆಂದು ಹೇಳಿ ಹೋದ. ಟಗರು ಹೆಜ್ಜೆಹೆಜ್ಜೆಗೂ ಭಾರವಾಗುತ್ತಿತ್ತು, ಗಾಸ್ಪಾರನ ಬೆನ್ನಿನಲ್ಲಿ ಬೆವರು ಹರಿಯುತ್ತಿತ್ತು, ಮುಖ ಕೆಂಪೇರಿತ್ತು.

“ಯಾರಾದ್ರೂ ಬಂದು ತಗೊಳ್ರಪ್ಪ,” ಎಂದು ಅವನು ಅಖಾಡ ಸುತ್ತುತ್ತ ಕೂಗಿದ. “ಇಷ್ಟು ಜನ ಗಂಡಸರಿದೀರಿ, ಒಬ್ಬರೂ ಬರಲ್ವ?”

ಲಾನ್ವರೆಕ್‌ನ ಚರಿತ್ರೆಯಲ್ಲಿ ಅಷ್ಟು ಸೊಕ್ಕಿನ ಸವಾಲನ್ನು ಯಾರೂ ಕೇಳಿರಲಿಲ್ಲ. ಎಲ್ಲರ ಕಣ್ಣೂ ಗುಲ್ವೆನ್ ಮೇಲೆ ಬಿತ್ತು. ಗುಲ್ವೆನ್ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಿಲ್ವೆತ್‌ಗೆ, “ನಾನು ಬೆಳಿಗ್ಗೇನೇ ನೋಡಿದೀನಿ ಮದಾಮ್. ಸಾಕು,” ಎಂದ.

ಸುತ್ತು ಮುಗಿಯಿತು. ಗಾಸ್ಪಾರ್ ಹೊರಟ ಜಾಗಕ್ಕೇ ಬಂದು ನಿಂತ. ತುಗ್ದುವಾಲ್ ಅವನ ಕೈ ಹಿಡಿದು ಮೇಲೆತ್ತಿದ, ವಾದ್ಯಗಳು ಒಟ್ಟಿಗೆ ಸಿಡಿದವು. ಏನಾಯಿತೆಂದು ಕೇಳುವ ಮೊದಲೇ ಜನ ಅವನನ್ನು ಟಗರಿನ ಸಮೇತ ಹೆಗಲಿಗೇರಿಸಿದರು.

ಆ ಹೆಗಲುಗಳ ಮೇಲೆ ತೇಲುತ್ತ, ತುಗ್ದುವಾಲ್ ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕೂಗುತ್ತಿದ್ದುದನ್ನು ಕೇಳಿ ಅವನಿಗೆ ನಿಧಾನವಾಗಿ ಅರ್ಥವಾಯಿತು. ನಾಲ್ಕೂರ ಗಟ್ಟಿಗರಿಗೆ ಸವಾಲು ಹಾಕಿದ್ದೇನೆ. ಒಬ್ಬನೂ ಎದುರು ಬರಲಿಲ್ಲ. ಎದೆಯಲ್ಲಿ ಏನೋ ಕೊಡೆಯಂತೆ ಟಪ್ಪನೆ ಬಿಚ್ಚಿಕೊಂಡಿತು. ಶಾಲೆಯ ಓಟದಲ್ಲಿ, ಲಾಟರಿಯಲ್ಲಿ, ಇಸ್ಪೀಟಿನಲ್ಲಿ, ಹೆಂಡತಿಯ ಅಣ್ಣನ ಜೊತೆಗಿನ ವಾದದಲ್ಲಿ ಎಲ್ಲೂ ಗೆಲ್ಲದ ಗಾಸ್ಪಾರ್ ವಿದಾಲೆಂಕ್ ಒಂದು ಕೈಯಲ್ಲಿ ಟಗರಿನ ಕಾಲು ಹಿಡಿದೇ ಇನ್ನೊಂದನ್ನೆತ್ತಿ ಜನಕ್ಕೆ ಬೀಸಿದ. ಕೆಳಗಿಳಿದಾಗ ಸಿಲ್ವೆತ್, ಟೋಪಿಯಿಲ್ಲದ ತಲೆಯಲ್ಲಿ ಹುಲ್ಲಿನ ಚೂರು ಸಿಕ್ಕಿಸಿಕೊಂಡೇ, ಊರೆಲ್ಲರ ಎದುರು ಅವನ ಬೆಂದ ಮೂಗಿಗೆ ಮುತ್ತಿಟ್ಟಳು.

ಸಂಜೆ ಬಂದರಿನ ಕಟ್ಟೆಯ ಮೇಲೆ ಉದ್ದನೆಯ ಮೇಜು ಹಾಕಿದ್ದರು. ಗಾಸ್ಪಾರ್ ನಡುವೆ ಕೂತಿದ್ದ. ಪಟ್ಟು ಹೇಗೆ ಹಾಕಿದಿರಿ ಎಂದು ಹುಡುಗರು ಕೇಳಿದರೆ ಈಗ ಅವನು ತಾನಾಗೇ ಆಯಿತು ಎನ್ನುತ್ತಿರಲಿಲ್ಲ. “ಎಡಗಾಲು ಮುಖ್ಯ,” ಎನ್ನುತ್ತಿದ್ದ. ಎರಡನೇ ಲೋಟ ಸೈಡರ್ ಮುಗಿದ ಮೇಲೆ ಎದ್ದು ನಿಂತು ಮಾಡಿಯೂ ತೋರಿಸಿದ. ಗುಲ್ವೆನ್ ಅವನನ್ನು ತಬ್ಬಿಕೊಂಡು ನಿಜವಾಗಿಯೂ ಅತ್ತ. ಸೋತವನಿಗೂ ಇಷ್ಟು ದೊಡ್ಡ ಮನಸ್ಸೇ ಎಂದು ಗಾಸ್ಪಾರನ ಕಣ್ಣೂ ತುಂಬಿ ಬಂತು.

ಸಿಲ್ವೆತ್ ಹೆಂಗಸರ ಕಡೆ ಕೂತಿದ್ದಳು. ಅಲ್ಲಿಂದ ಎದ್ದು ಬಂದಾಗ ಅವಳ ಮುಖ ಬೇರೆಯೇ ಆಗಿತ್ತು. ಗಂಡನ ತೋಳು ಹಿಡಿದು ಕಟ್ಟೆಯ ತುದಿಗೆ ಕರೆದುಕೊಂಡು ಹೋದಳು.

“ಆ ಟಗರಿಗೆ ಹೆಸರಿದೆ, ಗೊತ್ತಾ? ಬಿಹಾನ್ ಅಂತ. ಅಂದ್ರೆ ಇವರ ಮಾತಲ್ಲಿ ‘ಪುಟ್ಟ’.”

“ಒಳ್ಳೇ ಹೆಸರು.”

“ಹೋದ ವರ್ಷ ಗುಲ್ವೆನ್ ಗೆದ್ದಿದ್ದನಲ್ಲ, ವರ್ಷವೆಲ್ಲ ಅವನ ಮನೇಲಿತ್ತು. ಬಲೆ ತಿಂತು, ಹಿತ್ತಲ ಬಾಗಿಲು ಒಡೀತು. ಅವನ ಹೆಂಡತಿ ತವರಿಗೆ ಹೋದೋಳು ಟಗರು ಹೋಗೋವರೆಗೂ ಬರಲ್ಲ ಅಂತ ಕೂತಿದಾಳೆ. ಅದರ ಹಿಂದಿನ ವರ್ಷ ಮಾಯಿ ಗಂಡ ಗೆದ್ದಿದ್ದ. ಬೇಕರಿಯ ಗಾಜು ಒಂದೂ ಉಳೀಲಿಲ್ಲ. ಅದಕ್ಕೂ ಮೊದಲು ಮೇಯರ್ ಮಗ. ಆ ಬೀದಿಗೆ ಇವತ್ತಿಗೂ ಅಂಚೆಯವನು ಹೋಗಲ್ವಂತೆ.”

“ಹಾಗಿದ್ರೆ ಕೊಯ್ದು ತಿನ್ನಬಹುದಿತ್ತಲ್ಲ.”

“ಇವರ ಊರಿನ ಕಟ್ಟಳೆ ಪ್ರಕಾರ ಗೆದ್ದವನು ಒಂದು ವರ್ಷ ಸಾಕಿ, ಮುಂದಿನ ಕುಸ್ತಿಗೆ ಜೀವಂತ ವಾಪಸು ತರಬೇಕು. ಕೊಯ್ದರೆ, ಮಾರಿದರೆ ಇಡೀ ಬಂದರಿಗೆ ಮೀನು ಬೀಳಲ್ವಂತೆ.” ಸಿಲ್ವೆತ್ ಉಸಿರು ಎಳೆದುಕೊಂಡಳು. “ಅವರು ನಿನಗೆ ಹೆದರಲಿಲ್ಲ ಗಾಸ್ಪಾರ್. ಟಗರಿಗೆ ಹೆದರಿದ್ರು. ನಾಲ್ಕೂರಲ್ಲಿ ಅದನ್ನ ಮುಟ್ಟೋರು ಒಬ್ಬರೂ ಉಳಿದಿರಲಿಲ್ಲ. ಬೆಳಿಗ್ಗೆ ಗುಲ್ವೆನ್ ನಿನ್ನ ವಿಷಯ ಶುರು ಮಾಡಿದ ಕೂಡಲೇ ಊರವರೆಲ್ಲ ಸೇರ್ಕೊಂಡ್ರು. ಗಲೆಟ್, ಕೇಕು, ಅಂಗಿ, ಟ್ರ್ಯಾಕ್ಟರು, ಎಲ್ಲಾ ನಿನ್ನ ಹೆಗಲಿಗೆ ಅದನ್ನ ಹತ್ತಿಸೋಕೆ. ಹಗ್ಗ ಹಿಡಿದವನೂ ಬೇಕೂಂತಲೇ ಬಿಟ್ಟನಂತೆ. ಸ್ವಾಜಿಗ್ ಈಗ ಹೇಳಿದ್ಲು, ಮುಂದಿನ ಆಗಸ್ಟ್‌ಗೂ ಮನೆ ನಮಗೇ ಇಟ್ಟಿದಾಳಂತೆ. ಟಗರು ತರೋಕೆ ಹೇಗೂ ಬರಬೇಕಲ್ಲ ಅಂತ.”

ಅಷ್ಟರಲ್ಲಿ ಬೀದಿಯ ಕಡೆಯಿಂದ ಸದ್ದು ಕೇಳಿಸಿತು. ಗುಲ್ವೆನ್ ಮತ್ತು ಇನ್ನಿಬ್ಬರು ಬಿಹಾನ್‌ನನ್ನು ಅವರ ಕಾರಿನ ಹಿಂದಿನ ಸೀಟಿಗೆ ತುಂಬುತ್ತಿದ್ದರು. ಬೆಳಿಗ್ಗೆ ಬೇಗ ಹೊರಡುವವರಿಗೆ ತೊಂದರೆಯಾಗಬಾರದೆಂದು ಈಗಲೇ ತಂದಿದ್ದರಂತೆ. ಟ್ರ್ಯಾಕ್ಟರು ಆಗಲೇ ಮಾಯವಾಗಿತ್ತು. ಸೀಟು ಹರಿಯುವ ಸದ್ದು ಕಟ್ಟೆಯವರೆಗೂ ಬಂತು.

ಗಾಸ್ಪಾರ್ ಕಡಲಿನ ಕಡೆ ನೋಡಿದ. ಆಮೇಲೆ ಕಾರಿನ ಕಡೆ ನೋಡಿದ. ಸಿಲ್ವೆತ್ ಅವನ ಬೆನ್ನ ಮೇಲೆ ಕೈಯಿಟ್ಟಳು, ಸಮಾಧಾನ ಹೇಳಲು ಮಾತು ಹುಡುಕುತ್ತಿದ್ದಳು.

ಗಾಸ್ಪಾರ್ ನಕ್ಕ.

“ಇದನ್ನೆಲ್ಲ ಹೇಳಿದ್ದು ಯಾರು? ಅವರ ಹೆಂಡತಿಯರು. ಹೆಂಡತಿಯರಿಗೆ ಹೇಳಿದ್ದು ಯಾರು? ಅದೇ ಪೈಲ್ವಾನರು.” ಮೊಣಕಾಲಿಗೆ ಬರುತ್ತಿದ್ದ ಕುಸ್ತಿ ಅಂಗಿಯ ತೋಳನ್ನು ಅವನು ಮೇಲಕ್ಕೆ ಮಡಚಿಕೊಂಡ. “ಕೊಡೆ ಮಾರೋನಿಗೆ ಹೆದರಿಬಿಟ್ಟೆ ಅಂತ ಯಾವ ಗಂಡಸು ಮನೇಲಿ ಒಪ್ಕೊತಾನೆ ಸಿಲ್ವೆತ್? ಟಗರಿನ ಮೇಲೆ ಹಾಕಿದಾರೆ ಪಾಪ.”

“ಗಾಸ್ಪಾರ್…”

“ಸ್ವಾಜಿಗ್‌ಗೆ ಹೇಳು, ಮುಂದಿನ ಆಗಸ್ಟ್‌ಗೆ ಖಂಡಿತ ಬರ್ತೀವಿ,” ಎಂದ ಅವನು, ಮೇಜಿನ ಕಡೆಗೆ ಎದೆಯುಬ್ಬಿಸಿ ಹೆಜ್ಜೆ ಹಾಕುತ್ತ. “ಟಗರನ್ನ ಮಾತ್ರ ಆಗಲೂ ಒಬ್ಬರಿಗೂ ಬಿಟ್ಟುಕೊಡಲ್ಲ.”